ಮೂರು ಸಾಲಿನ ಕಡತ, ಎಪ್ಪತ್ತು ಸಾವಿರ ಪ್ಯಾಕೇಜು: ಲಿನಕ್ಸ್ ಡಿಸ್ಟ್ರೊಗಳ ಬಿಲ್ಡ್ ಸಾಧನಗಳನ್ನು ತಿದ್ದುವ ಕಷ್ಟ

ಡೆಬಿಯನ್ ಒಂದು ಲಿನಕ್ಸ್ ಡಿಸ್ಟ್ರೊ, ಎಂದರೆ ಲಿನಕ್ಸ್‌ನ ಜೊತೆ ಸಾವಿರಾರು ತಂತ್ರಾಂಶಗಳನ್ನು ಸಿದ್ಧ ಪ್ಯಾಕೇಜುಗಳಾಗಿ ಕಟ್ಟಿಕೊಡುವ ಯೋಜನೆ. ಅದರ ಯಾವುದಾದರೂ ಒಂದು ಪ್ಯಾಕೇಜಿನ ಸೋರ್ಸನ್ನು, ಅಂದರೆ ಮೂಲ ಕೋಡನ್ನು ಇಳಿಸಿಕೊಂಡು, ಅದರೊಳಗಿನ ‘ಡೆಬಿಯನ್’ ಎಂಬ ಫೋಲ್ಡರಿನಲ್ಲಿರುವ ‘ರೂಲ್ಸ್’ ಕಡತವನ್ನು ತೆರೆದು ನೋಡಿದರೆ ಅನೇಕ ಸಲ ಅಲ್ಲಿರುವುದು ಮೂರೇ ಸಾಲು. ಮೊದಲನೆಯ ಸಾಲು ಇದು ಕಟ್ಟುವ ಹಂತಗಳನ್ನು ನಡೆಸುವ ‘ಮೇಕ್’ ಎಂಬ ಪ್ರೋಗ್ರಾಮು ಓದಬೇಕಾದ ಕಡತ ಎಂದು ತಿಳಿಸುತ್ತದೆ. ಎರಡನೆಯದರಲ್ಲಿ ಒಂದು ಶೇಕಡಾ ಚಿಹ್ನೆ ಮತ್ತು ಒಂದು ಕೋಲನ್ ಇರುತ್ತದೆ. ಯಾವ ಕೆಲಸವನ್ನು ಕೇಳಿದರೂ ಮುಂದಿನ ಸಾಲನ್ನೇ ನಡೆಸು ಎಂಬುದು ಅದರ ಅರ್ಥ. ಮೂರನೆಯ ಸಾಲು ಆ ಎಲ್ಲ ಕೆಲಸವನ್ನೂ ‘ಡಿಎಚ್’ ಎಂಬ ಆಜ್ಞೆಗೆ ಒಪ್ಪಿಸಿ ಸುಮ್ಮನಾಗುತ್ತದೆ. ಈ ತಂತ್ರಾಂಶ ಬಳಸುವ ಬಿಲ್ಡ್ ವ್ಯವಸ್ಥೆ ಆಟೋಟೂಲ್ಸೋ, ಸಿಮೇಕೋ, ಮೀಸಾನೋ ಎಂದು ಗುರುತಿಸುವುದು, ಕಂಪೈಲ್ ಮಾಡುವುದು (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದು), ಟೆಸ್ಟುಗಳನ್ನು ಓಡಿಸುವುದು, ತಾತ್ಕಾಲಿಕ ಜಾಗದಲ್ಲಿ ಇನ್‌ಸ್ಟಾಲ್ ಮಾಡುವುದು, ಡೀಬಗ್ ಮಾಹಿತಿಯನ್ನು ಬೇರ್ಪಡಿಸುವುದು, ಯಾವ ಲೈಬ್ರರಿಗಳ ಮೇಲೆ ಅವಲಂಬನೆ ಇದೆ ಎಂದು ಲೆಕ್ಕಹಾಕುವುದು, ಕಡತಗಳ ಅನುಮತಿಗಳನ್ನು ಸರಿಪಡಿಸುವುದು, ಕೊನೆಗೆ ಎಲ್ಲವನ್ನೂ ಒತ್ತಿ ಒಂದು ಪ್ಯಾಕೇಜಾಗಿ ಕಟ್ಟುವುದು, ಇಷ್ಟೂ ಆ ಒಂದು ಸಾಲಿನ ಹಿಂದೆ ನಡೆಯುತ್ತದೆ.

2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ ಒಟ್ಟು 69,830 ಪ್ಯಾಕೇಜುಗಳಿವೆ. ಅವುಗಳಲ್ಲಿ ಬಹುಪಾಲು ಇಂಥದೇ ಸಾಲುಗಳ ಆಸರೆಯಲ್ಲಿ ನಿಂತಿವೆ. ಪ್ಯಾಕೇಜಿನ ಕಡತ ಚಿಕ್ಕದಾದಷ್ಟೂ ಅದರೊಳಗಿದ್ದ ತೀರ್ಮಾನಗಳು ಸಾಧನದ ಕಡೆಗೆ ಸರಿದಿವೆ ಎಂದೇ ಅರ್ಥ. ಹೀಗಾಗಿ ಸೋರ್ಸಿನಿಂದ ಪ್ಯಾಕೇಜು ಕಟ್ಟುವ ಇಂಥ ಬಿಲ್ಡ್ ಸಾಧನವೊಂದನ್ನು ನೋಡಿಕೊಳ್ಳುವವರು ತಮ್ಮ ಕೋಡಿನಲ್ಲಿ ಒಂದು ಸಾಲನ್ನು ಬದಲಿಸಿದರೆ, ತಾವು ಎಂದೂ ಕಂಡಿರದ ಸಾವಿರಾರು ತಂತ್ರಾಂಶಗಳ ಹುಟ್ಟಿನ ರೀತಿಯನ್ನೇ ಬದಲಿಸಿದಂತಾಗುತ್ತದೆ. ಆ ಸಾಲನ್ನು ಬರೆಯುವುದು ಒಂದು ಮಧ್ಯಾಹ್ನದ ಕೆಲಸವಿರಬಹುದು. ಅದನ್ನು ನಂಬಿಕೊಂಡಿರುವ ಪ್ಯಾಕೇಜುಗಳನ್ನು ಮುರಿಯದೆ ಹೊಸ ದಾರಿಗೆ ತರುವುದು ವರ್ಷಗಳ ಕೆಲಸ. ಈ ಎರಡನೆಯದೇ ನಿಜವಾದ ಪಾಲನೆ, ಮತ್ತು ಹೊರಗಿನವರ ಕಣ್ಣಿಗೆ ಬೀಳದಿರುವುದೂ ಅದೇ.

ಮೊದಲಿಗೆ ಪರಿಸ್ಥಿತಿ ಹೀಗಿರಲಿಲ್ಲ. ಇಯಾನ್ ಮರ್ಡಾಕ್ 1993ರಲ್ಲಿ ಡೆಬಿಯನ್ ಆರಂಭಿಸಿದರು. ಪ್ಯಾಕೇಜುಗಳನ್ನು ಕಟ್ಟುವ, ಇನ್‌ಸ್ಟಾಲ್ ಮಾಡುವ ಅದರ ಸಾಧನವಾಗಿ 1994ರ ಆರಂಭದಲ್ಲಿ ಬಂದ ‘ಡಿಪಿಕೆಜಿ’ ಒಂದು ಶೆಲ್ ಸ್ಕ್ರಿಪ್ಟ್ ಆಗಿತ್ತು. ಆಮೇಲೆ ಅದನ್ನು ಪರ್ಲ್‌ನಲ್ಲಿ ಬರೆಯಲಾಯಿತು, ಬಳಿಕ ಇಯಾನ್ ಜಾಕ್ಸನ್ ಅದರ ಮುಖ್ಯ ಭಾಗವನ್ನು ಸಿ ಭಾಷೆಗೆ ತಂದರು. ಆಗ ಪ್ರತಿಯೊಬ್ಬ ಮೇಂಟೇನರ್ (ಪ್ಯಾಕೇಜನ್ನು ನೋಡಿಕೊಳ್ಳುವವ) ತನ್ನ ರೂಲ್ಸ್ ಕಡತವನ್ನು ಕೈಯಾರೆ ಬರೆಯುತ್ತಿದ್ದ. ಯಾವ ಕಡತ ಎಲ್ಲಿಗೆ ಹೋಗಬೇಕು, ಅದರ ಅನುಮತಿ ಏನಿರಬೇಕು ಎಂಬುದೆಲ್ಲ ಒಂದೊಂದು ಪ್ಯಾಕೇಜಿನಲ್ಲೂ ಮತ್ತೆ ಮತ್ತೆ ಬರುತ್ತಿತ್ತು, ಒಂದೊಂದರಲ್ಲೂ ಒಂದೊಂದು ಬಗೆಯಲ್ಲಿ. 1997ರಲ್ಲಿ ಜೋಯಿ ಹೆಸ್ ಬರೆದ ‘ಡೆಬ್‌ಹೆಲ್ಪರ್’ ಈ ಮರುಕಳಿಕೆಯನ್ನು ಸಣ್ಣ ಸಣ್ಣ ಆಜ್ಞೆಗಳಾಗಿ ಒಡೆಯಿತು. 2008ರಲ್ಲಿ ಬಂದ ಅದರ ಏಳನೆಯ ಆವೃತ್ತಿ ಆ ಆಜ್ಞೆಗಳನ್ನು ಸರಿಯಾದ ಕ್ರಮದಲ್ಲಿ ತಾನೇ ಓಡಿಸುವ ಡಿಎಚ್ ಅನ್ನು ತಂದಿತು. ಉಳಿದ ಡಿಸ್ಟ್ರೊಗಳೂ ತಮ್ಮದೇ ರೀತಿಯಲ್ಲಿ ಇಲ್ಲಿಗೇ ಬಂದಿವೆ. ಫೆಡೋರಾದಲ್ಲಿ ‘ಆರ್‌ಪಿಎಂ’ ಎಂಬ ಪ್ಯಾಕೇಜು ಸಾಧನದ ಸ್ಪೆಕ್ ಕಡತ ಮತ್ತು ಅದರ ಬೆನ್ನಿಗಿರುವ ಮ್ಯಾಕ್ರೋಗಳ (ಸಿದ್ಧ ಆಜ್ಞೆಗಳ) ರಾಶಿ, ಆರ್ಚ್‌ನಲ್ಲಿ ‘ಮೇಕ್‌ಪಿಕೆಜಿ’ ಓದುವ ಬ್ಯಾಶ್ ಫಂಕ್ಷನ್‌ಗಳು, ಜೆಂಟೂದಲ್ಲಿ ಇಬಿಲ್ಡ್‌ಗಳು ಇದೇ ಕೆಲಸ ಮಾಡುತ್ತವೆ.

ಡೀಫಾಲ್ಟ್ ಒಂದನ್ನು, ಅಂದರೆ ಬೇರೇನೂ ಹೇಳದಿದ್ದಾಗ ಸಾಧನ ತಾನಾಗಿ ಮಾಡುವುದನ್ನು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು 2016ರ ಒಂದು ಬದಲಾವಣೆಯನ್ನು ನೋಡಬಹುದು. ಆ ವರ್ಷ ಡೆಬ್‌ಹೆಲ್ಪರ್‌ನ ಹತ್ತನೆಯ ಮಟ್ಟದಲ್ಲಿ (ಮಟ್ಟ ಎಂದರೇನೆಂದು ಮುಂದೆ ಹೇಳುತ್ತೇನೆ) ಕಂಪೈಲ್ ಕೆಲಸವನ್ನು ಹಲವು ಪ್ರೊಸೆಸರುಗಳಲ್ಲಿ ಒಟ್ಟಿಗೆ ನಡೆಸುವುದು ಡೀಫಾಲ್ಟ್ ಆಯಿತು. ಕೇಳಲು ಇದಕ್ಕಿಂತ ನಿರುಪದ್ರವಿ ಸುಧಾರಣೆ ಇಲ್ಲ. ಆದರೆ ಎಷ್ಟೋ ತಂತ್ರಾಂಶಗಳ ಮೇಕ್‌ಫೈಲ್‌ಗಳಲ್ಲಿ, ಬೇರೆ ಕಡತಗಳು ಸೇರಿಸಿಕೊಳ್ಳುವ ಒಂದು ಹೆಡರ್ ಕಡತ ಸಿದ್ಧವಾದ ಮೇಲೆಯೇ ಇನ್ನೊಂದು ಕಡತವನ್ನು ಕಂಪೈಲ್ ಮಾಡಬೇಕು ಎಂಬ ಅವಲಂಬನೆಯನ್ನು ಯಾರೂ ಬರೆದಿರುವುದಿಲ್ಲ. ಒಂದೇ ಪ್ರೊಸೆಸರ್ ಇದ್ದಾಗ ಸಾಲುಗಳು ಬರೆದ ಕ್ರಮದಲ್ಲೇ ನಡೆದು ಎಲ್ಲವೂ ಸರಿಹೋಗುತ್ತಿತ್ತು. ಹದಿನಾರು ಪ್ರೊಸೆಸರುಗಳಿದ್ದಾಗ ಹೆಡರ್ ಹುಟ್ಟುವ ಮೊದಲೇ ಅದನ್ನು ಹುಡುಕುವ ಕೆಲಸ ಶುರುವಾಗಿಬಿಡಬಹುದು. ಹಾಗೆ ಆಗುವುದೂ ಪ್ರತಿ ಸಲವಲ್ಲ, ಹತ್ತು ಸಲಕ್ಕೊಮ್ಮೆ. ಮೇಂಟೇನರ್‌ನ ಲ್ಯಾಪ್‌ಟಾಪಿನಲ್ಲಲ್ಲ, ದೂರದ ಬಿಲ್ಡ್ ಯಂತ್ರದಲ್ಲಿ. ಇಂಥ ದೋಷದ ಬೆನ್ನುಹತ್ತಿದವರಿಗೆ ಮಾತ್ರ ‘ಇನ್ನೊಮ್ಮೆ ಓಡಿಸಿ ನೋಡೋಣ’ ಎಂಬ ಮಾತಿನ ಅಪಾಯ ಗೊತ್ತು. ಎರಡನೆಯ ಸಲ ಬಿಲ್ಡ್ ಗೆದ್ದುಬಿಡುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಇಂಥ ಬದಲಾವಣೆಯನ್ನು ಎಲ್ಲರ ಮೇಲೂ ಒಂದೇ ದಿನ ಹೇರಬಾರದು ಎಂಬ ಎಚ್ಚರದಿಂದಲೇ ಡೆಬ್‌ಹೆಲ್ಪರ್ ‘ಹೊಂದಾಣಿಕೆ ಮಟ್ಟ’ ಎಂಬ ಸಂಖ್ಯೆಯನ್ನು ಇಟ್ಟುಕೊಂಡಿದೆ. ಪ್ರತಿ ಪ್ಯಾಕೇಜೂ ತಾನು ಯಾವ ಮಟ್ಟದ ನಡವಳಿಕೆಯನ್ನು ನಿರೀಕ್ಷಿಸುತ್ತೇನೆ ಎಂದು ಹೇಳಿಕೊಳ್ಳುತ್ತದೆ. ಮೇಂಟೇನರ್ ಪರೀಕ್ಷಿಸಿ ನೋಡಿ ಸಂಖ್ಯೆಯನ್ನು ಏರಿಸುವವರೆಗೆ ಹಳೆಯ ನಡವಳಿಕೆಯೇ ಮುಂದುವರಿಯುತ್ತದೆ. 2020ರಲ್ಲಿ ಬಂದ ಹದಿಮೂರನೆಯ ಮಟ್ಟವನ್ನು ಇಂದು ಹೆಚ್ಚಿನವರು ಬಳಸುತ್ತಾರೆ. ಜೆಂಟೂ ಕೂಡ ಇದೇ ತರ್ಕವನ್ನು ‘ಇಎಪಿಐ’ ಎಂಬ ಹೆಸರಿನಲ್ಲಿ ಅನುಸರಿಸುತ್ತದೆ. ಈ ಏರ್ಪಾಡು ಸೌಜನ್ಯದ್ದು, ಆದರೆ ಪುಕ್ಕಟೆಯಲ್ಲ. ಹಳೆಯ ಮಟ್ಟಗಳನ್ನು ಬಳಸುವ ಪ್ಯಾಕೇಜು ಒಂದೇ ಒಂದು ಉಳಿದಿದ್ದರೂ ಆ ಮಟ್ಟದ ಕೋಡು ಸಾಧನದೊಳಗೆ ಉಳಿಯಬೇಕು, ಪ್ರತಿ ಹೊಸ ಬದಲಾವಣೆಯನ್ನೂ ಆ ಎಲ್ಲ ಮಟ್ಟಗಳ ಎದುರು ಪರೀಕ್ಷಿಸಬೇಕು.

ಫೆಡೋರಾದವರು ಹಿಡಿದ ದಾರಿ ಬೇರೆ. ಅಲ್ಲಿ ಮ್ಯಾಕ್ರೋಗಳು ಇಡೀ ಡಿಸ್ಟ್ರೊಗೆ ಸಾಮಾನ್ಯ. ಅವು ಬದಲಾದರೆ ಎಲ್ಲರಿಗೂ ಬದಲಾದಂತೆ. ಸಾಮಾನ್ಯವಾಗಿ ಪ್ರತಿ ಬಿಡುಗಡೆಗೆ ಮೊದಲು ಎಲ್ಲ ಪ್ಯಾಕೇಜುಗಳನ್ನೂ ಹೊಸದಾಗಿ ಬಿಲ್ಡ್ ಮಾಡುತ್ತಾರೆ. ಕಟ್ಟಲಾಗದೆ ಬಿದ್ದವು ಯಾವುವು ಎಂಬುದು ಆಗಲೇ ಗೊತ್ತಾಗುತ್ತದೆ, ಬಹುಕಾಲ ಏಳದವು ಡಿಸ್ಟ್ರೊದಿಂದಲೇ ಹೊರಬೀಳುತ್ತವೆ. ನಿಕ್ಸ್ ಎಂಬ ಇನ್ನೊಂದು ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಎಲ್ಲ ಪ್ಯಾಕೇಜುಗಳ ವಿವರಣೆಯೂ ಒಂದೇ ಗಿಟ್ ಭಂಡಾರದಲ್ಲಿ (ಕೋಡನ್ನೂ ಅದರ ಬದಲಾವಣೆಗಳನ್ನೂ ದಾಖಲಿಸಿಡುವ ಜಾಗದಲ್ಲಿ) ಇರುವುದರಿಂದ ಬಿಲ್ಡ್ ಸಾಧನವನ್ನೂ ಅದರಿಂದ ಮುರಿಯುವ ನೂರು ಪ್ಯಾಕೇಜುಗಳನ್ನೂ ಒಬ್ಬರೇ ಒಟ್ಟಿಗೆ ತಿದ್ದಬಹುದು. ಆದರೆ ತಳದ ಪರಿಸರದಲ್ಲಿ ಒಂದು ಅಕ್ಷರ ಬದಲಾದರೂ ಅದರ ಮೇಲಿರುವ ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಆದ್ದರಿಂದ ಅಂಥ ಬದಲಾವಣೆಗಳನ್ನು ಪ್ರತ್ಯೇಕ ಶಾಖೆಯಲ್ಲಿ ಕೂಡಿಹಾಕಿ ಒಟ್ಟಿಗೆ ಒಳತರುತ್ತಾರೆ. ಮೂರರಲ್ಲಿ ಯಾವುದು ಮೇಲು ಎಂಬ ವಾದ ಆಗಾಗ ಏಳುತ್ತಿರುತ್ತದೆ. ನನ್ನ ಮಟ್ಟಿಗೆ ಇದು ತಂತ್ರಜ್ಞಾನಕ್ಕಿಂತ ಒಡೆತನದ ಪ್ರಶ್ನೆ. ಡೆಬಿಯನ್‌ನಲ್ಲಿ ಪ್ಯಾಕೇಜು ಅದರ ಮೇಂಟೇನರ್‌ನದು, ಅವರನ್ನು ಕೇಳದೆ ಕೈಹಾಕುವುದಕ್ಕೆ ಸಂಕೋಚವಿದೆ, ನಿಯಮವೂ ಇದೆ. ಆ ಸಂಕೋಚವೇ ಹೊಂದಾಣಿಕೆ ಮಟ್ಟಗಳಾಗಿ ರೂಪ ತಳೆದಿದೆ. ಒಡೆತನದ ಈ ಕಲ್ಪನೆಯನ್ನು ಮುಟ್ಟದೆ ಫೆಡೋರಾದ ವೇಗವನ್ನಷ್ಟೇ ಬಯಸುವವರು ಸಾಧನದ ಕೋಡಿನಲ್ಲಿ ಪರಿಹಾರ ಹುಡುಕುತ್ತಾ ಕಾಲ ಕಳೆಯುತ್ತಾರೆ.

ಬಿಲ್ಡ್ ಬಿದ್ದರೆ ಕನಿಷ್ಠ ಅದು ಬಿತ್ತೆಂದು ತಿಳಿಯುತ್ತದೆ. ಬೀಳದೆಯೇ ಕೆಡುವ ಬಿಲ್ಡುಗಳು ಇದಕ್ಕಿಂತ ಕಷ್ಟದವು. 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ ಕಂಪೈಲರಿನ 14ನೆಯ ಆವೃತ್ತಿ, ಘೋಷಿಸದ ಫಂಕ್ಷನ್ ಒಂದನ್ನು ಕರೆಯುವುದನ್ನು ಎಚ್ಚರಿಕೆಯ ಬದಲು ದೋಷವೆಂದೇ ಪರಿಗಣಿಸತೊಡಗಿತು. 1999ರ ಸಿ ಮಾನಕವೇ ಅದನ್ನು ಕೈಬಿಟ್ಟಿದ್ದರೂ ಕಂಪೈಲರ್‌ಗಳು ಕಾಲು ಶತಮಾನ ಅದನ್ನು ಸಹಿಸಿಕೊಂಡಿದ್ದವು. ಹಳೆಯ ಕೋಡು ಈಗ ಕಂಪೈಲ್ ಆಗದಿದ್ದರೆ ತಿದ್ದಿದರಾಯಿತು ಎನ್ನಬಹುದು. ಆದರೆ ಆಟೋಟೂಲ್ಸ್ ಬಳಸುವ ತಂತ್ರಾಂಶಗಳಲ್ಲಿ ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟು ನಾಲ್ಕಾರು ಸಾಲಿನ ಚಿಕ್ಕ ಸಿ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ನೋಡಿ, ಈ ಯಂತ್ರದಲ್ಲಿ ಇಂಥ ಸೌಲಭ್ಯವಿದೆಯೇ ಎಂದು ತೀರ್ಮಾನಿಸುತ್ತದೆ. ಆ ಚಿಕ್ಕ ಪ್ರೋಗ್ರಾಮುಗಳಲ್ಲಿ ಎಷ್ಟೋ ಬಹಳ ಹಿಂದೆ ಬರೆದವು. ಬೇಕಾದ ಹೆಡರನ್ನು ಸೇರಿಸದೆ ‘ಎಕ್ಸಿಟ್’ ಫಂಕ್ಷನ್ನನ್ನು ಕರೆದವು. ಹೊಸ ಕಂಪೈಲರ್ ಅವುಗಳನ್ನು ತಿರಸ್ಕರಿಸಿದಾಗ ಕಾನ್ಫಿಗರ್ ದೂರುವುದಿಲ್ಲ. ‘ಈ ಸೌಲಭ್ಯ ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಪೂರ್ತಿಯಾಗುತ್ತದೆ, ಪ್ಯಾಕೇಜು ಬಳಕೆದಾರರ ಯಂತ್ರಕ್ಕೆ ಹೋಗುತ್ತದೆ, ಒಂದು ದಿನ ಯಾರೋ ಒಬ್ಬರು ‘ಈ ಆಯ್ಕೆ ಮೊದಲು ಕೆಲಸ ಮಾಡುತ್ತಿತ್ತಲ್ಲ’ ಎಂದು ಕೇಳುತ್ತಾರೆ. ಈ ಅಪಾಯವನ್ನು ಅರಿತೇ ಫೆಡೋರಾದಲ್ಲಿ ಜಿಸಿಸಿ 14 ಬರುವುದಕ್ಕೂ ಮೊದಲು ಬಿಲ್ಡ್‌ಗಳೊಳಗಿನ ಇಂಥ ಕರೆಗಳನ್ನೆಲ್ಲ ದಾಖಲಿಸುವಂತೆ ಕಂಪೈಲರ್‌ಗೆ ಸಾಧನ ಜೋಡಿಸಿ, ಪ್ಯಾಕೇಜುಗಳನ್ನು ಒಂದೊಂದಾಗಿ ತಿದ್ದಿ, ತಿದ್ದುಪಡಿಗಳನ್ನು ಮೂಲ ಯೋಜನೆಗಳಿಗೆ ಕಳಿಸಲಾಯಿತು. ಈ ಕೆಲಸದ ಫಲವಾಗಿ ಬಳಕೆದಾರರಿಗೆ ಹೊಸದೇನೂ ಸಿಗಲಿಲ್ಲ. ಸಿಗುತ್ತಿದ್ದುದು ತಪ್ಪಿಹೋಗಲಿಲ್ಲ, ಅಷ್ಟೇ.

ಅದೇ 2024ರ ಮಾರ್ಚ್ 29ರಂದು ಬಿಲ್ಡ್ ಸಾಧನಗಳ ಬಗ್ಗೆ ಯೋಚಿಸುವ ರೀತಿಯನ್ನೇ ಬದಲಿಸಿದ ಸಂಗತಿಯೊಂದು ಬಯಲಿಗೆ ಬಂತು. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ಸೌಲಭ್ಯ) ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಅದರ ಜಾಡು ಹಿಡಿದು ‘ಎಕ್ಸ್‌ಝಡ್’ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ ಹಿಂಬಾಗಿಲನ್ನು ಕಂಡುಹಿಡಿದರು. ಇದರ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಒಂಟಿ ಮೇಂಟೇನರ್‌ನ ದಣಿವನ್ನು, ಅಪರಿಚಿತ ಸಹಾಯಕನ ತಾಳ್ಮೆಯ ವಂಚನೆಯನ್ನು ಕುರಿತವು. ಪ್ಯಾಕೇಜು ಕಟ್ಟುವವರ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿವರ. ಗಿಟ್ ಭಂಡಾರದಲ್ಲಿ ಇಲ್ಲದ, ಬಿಡುಗಡೆಯ ಟಾರ್‌ಬಾಲಿನಲ್ಲಿ (ಸೋರ್ಸನ್ನೆಲ್ಲ ಒತ್ತಿ ಕಟ್ಟಿದ ಒಂದೇ ಕಡತದಲ್ಲಿ) ಮಾತ್ರ ಇದ್ದ, ಕಾನ್ಫಿಗರ್ ಹುಟ್ಟಿಸಲು ಬಳಸುವ ಒಂದು ಎಂ4 ಕಡತ ಈ ದಾಳಿಯ ಬಾಗಿಲಾಗಿತ್ತು. ಅದು ಎಬ್ಬಿಸುತ್ತಿದ್ದ ಸ್ಕ್ರಿಪ್ಟು, ಟೆಸ್ಟ್ ಕಡತಗಳ ವೇಷದಲ್ಲಿದ್ದ ವಿಷವನ್ನು ಬಿಚ್ಚುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುತ್ತಿತ್ತು. ಇದು 64 ಬಿಟ್‌ನ ಎಕ್ಸ್86 ಲಿನಕ್ಸ್ ಯಂತ್ರವೇ? ಕಂಪೈಲರ್ ಜಿಸಿಸಿಯೇ? ಸೋರ್ಸ್ ಫೋಲ್ಡರಿನಲ್ಲಿ ಡೆಬಿಯನ್‌ನ ರೂಲ್ಸ್ ಕಡತ ಇದೆಯೇ, ಇಲ್ಲವಾದರೆ ಆರ್‌ಪಿಎಂ ಬಿಲ್ಡ್ ಇಟ್ಟುಕೊಳ್ಳುವ ಆರ್ಕಿಟೆಕ್ಚರ್ ಹೆಸರಿನ ವೇರಿಯಬಲ್ ಇದೆಯೇ? ಉತ್ತರಗಳು ಹೌದಾದರೆ ಮಾತ್ರ ಕೆಲಸ ಶುರು. ಯಾರಾದರೂ ಕುತೂಹಲದ ಪ್ರೋಗ್ರಾಮರ್ ಸೋರ್ಸ್ ಇಳಿಸಿಕೊಂಡು ತನ್ನ ಯಂತ್ರದಲ್ಲಿ ಸುಮ್ಮನೆ ಕಂಪೈಲ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಲೇಖನದ ಆರಂಭದಲ್ಲಿ ಹೇಳಿದ ಆ ಮೂರು ಸಾಲಿನ ಕಡತ ಅಲ್ಲಿ ಇದೆ ಎಂಬುದೇ ಅದಕ್ಕೆ ಸಂಕೇತವಾಗಿತ್ತು.

ದಾಳಿಕೋರರು ಡಿಸ್ಟ್ರೊಗಳ ಬಿಲ್ಡ್ ಪ್ರಕ್ರಿಯೆಯನ್ನು ಎಷ್ಟು ಚೆನ್ನಾಗಿ ಓದಿಕೊಂಡಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಡೆಬ್‌ಹೆಲ್ಪರ್‌ನ ಹತ್ತನೆಯ ಮಟ್ಟದಿಂದಲೇ, ಟಾರ್‌ಬಾಲಿನೊಂದಿಗೆ ಬಂದ ಕಾನ್ಫಿಗರ್ ಸ್ಕ್ರಿಪ್ಟನ್ನು ನಂಬದೆ ಅದನ್ನು ಬಿಲ್ಡ್ ಹೊತ್ತಿನಲ್ಲಿ ಮತ್ತೆ ಹುಟ್ಟಿಸುವುದು ಡೀಫಾಲ್ಟ್ ಆಗಿತ್ತು. ಒಳ್ಳೆಯ ಕ್ರಮವೇ. ಆದರೆ ಕಾನ್ಫಿಗರ್ ಮತ್ತೆ ಹುಟ್ಟುವುದು ಟಾರ್‌ಬಾಲಿನಲ್ಲೇ ಬಂದ ಎಂ4 ಕಡತಗಳಿಂದ. ಬೀಜವೇ ಕೆಟ್ಟಿದ್ದಾಗ ಸಸಿಯನ್ನು ಕಿತ್ತು ಮತ್ತೆ ಬೆಳೆಸಿ ಪ್ರಯೋಜನವಿಲ್ಲ. ಹಿಂಬಾಗಿಲು ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೆ, ಫೆಡೋರಾದ ಅಭಿವೃದ್ಧಿ ಆವೃತ್ತಿಗೆ, ಓಪನ್‌ಸೂಸೆ ಟಂಬಲ್‌ವೀಡ್‌ಗೆ ತಲುಪಿತ್ತು. ಸ್ಥಿರ ಬಿಡುಗಡೆಗಳಿಗೆ ಹೋಗುವ ಮೊದಲು ಸಿಕ್ಕಿಬಿತ್ತು.

ಇದಾದ ಮೇಲೆ ಸಾಧನಗಳ ಬಗ್ಗೆ ಎದ್ದ ಪ್ರಶ್ನೆ ಸರಳವಾದದ್ದು: ಮನುಷ್ಯರು ಓದುವುದು ಗಿಟ್ ಭಂಡಾರವನ್ನು, ಯಂತ್ರಗಳು ಕಟ್ಟುವುದು ಟಾರ್‌ಬಾಲನ್ನು, ಇವೆರಡೂ ಒಂದೇ ಎಂದು ಯಾರು ನೋಡುತ್ತಾರೆ? ಅನೇಕ ಯೋಜನೆಗಳಲ್ಲಿ ಟಾರ್‌ಬಾಲು ಎಂದರೆ ಗಿಟ್‌ನ ನಕಲಲ್ಲ. ಬಿಡುಗಡೆ ಮಾಡುವವರ ಯಂತ್ರದಲ್ಲಿ ಹುಟ್ಟಿದ ಎಷ್ಟೋ ಕಡತಗಳು ಅದರಲ್ಲಿ ಸೇರಿಕೊಂಡಿರುತ್ತವೆ. ಸಹಿ ಮಾಡಿದ ಗಿಟ್ ಟ್ಯಾಗಿನಿಂದಲೇ (ಗಿಟ್‌ನಲ್ಲಿ ಒಂದು ಆವೃತ್ತಿಗೆ ಹಾಕಿದ ಗುರುತಿನಿಂದಲೇ) ನೇರವಾಗಿ ಪ್ಯಾಕೇಜು ಕಟ್ಟಬೇಕೆಂಬ ಆಲೋಚನೆ ಡೆಬಿಯನ್‌ನಲ್ಲಿ ಈ ಘಟನೆಗಿಂತ ಹಳೆಯದು. ‘ಟ್ಯಾಗ್2ಅಪ್‌ಲೋಡ್’ ಎಂಬ ಸೇವೆಯ ಮೇಲೆ ವರ್ಷಗಳ ಕಾಲ ಬಿಸಿ ಚರ್ಚೆ ನಡೆದು, ಕೊನೆಗೆ 2025ರಲ್ಲಿ ಅದು ಬಳಕೆಗೆ ಬಂತು. ಮೇಂಟೇನರ್ ತನ್ನ ಗಿಟ್ ಟ್ಯಾಗಿಗೆ ಸಹಿ ಹಾಕಿ ಕಳಿಸುತ್ತಾನೆ, ಸೋರ್ಸ್ ಪ್ಯಾಕೇಜನ್ನು ಸೇವೆಯೇ ಕಟ್ಟಿ ಮುಂದಕ್ಕೆ ಸಲ್ಲಿಸುತ್ತದೆ. ಆ ಚರ್ಚೆಯಲ್ಲಿ ವಿರೋಧಿಸಿದವರ ವಾದವನ್ನು ಮೊಂಡುತನವೆಂದು ತಳ್ಳಿಹಾಕುವುದು ಸರಿಯಲ್ಲ. ಮೇಂಟೇನರ್ ತಾನೇ ಕಟ್ಟಿದ ಸೋರ್ಸ್ ಪ್ಯಾಕೇಜಿನ ಮೇಲೆ ಹಾಕಿದ ಸಹಿಯನ್ನು ಡೆಬಿಯನ್‌ನ ಪ್ಯಾಕೇಜು ಭಂಡಾರ ನೇರವಾಗಿ ಪರಿಶೀಲಿಸುವ ಕ್ರಮ ಹೋಗಿ, ನಡುವೆ ಒಂದು ಯಂತ್ರವನ್ನು ನಂಬಬೇಕಾಗುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಒಂದು ಕಡೆಯ ಬಿರುಕನ್ನು ಮುಚ್ಚುವಾಗ ಇನ್ನೊಂದು ಕಡೆ ಹೊಸ ನಂಬಿಕೆಯನ್ನು ಕೇಳಬೇಕಾಗುತ್ತದೆ. ಅದನ್ನು ತೆರೆದು ಚರ್ಚಿಸಿದ್ದರಿಂದಲೇ ಆ ಸೇವೆಯ ವಿನ್ಯಾಸ ಗಟ್ಟಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಎಕ್ಸ್‌ಝಡ್ ಪ್ರಸಂಗ ಬಂದಾಗಲೆಲ್ಲ ‘ಮರುಸೃಷ್ಟಿಸಬಲ್ಲ ಬಿಲ್ಡ್’ ಇದ್ದಿದ್ದರೆ ಇದು ತಪ್ಪುತ್ತಿತ್ತು ಎಂಬ ಮಾತೂ ಬರುತ್ತದೆ. ಅದು ತಪ್ಪು ತಿಳಿವಳಿಕೆ. ಒಂದೇ ಸೋರ್ಸನ್ನು ಬೇರೆ ಬೇರೆಯವರು ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿದಾಗ ಬಿಟ್‌ಗೆ ಬಿಟ್ ಒಂದೇ ಫಲಿತಾಂಶ ಬರಬೇಕು ಎಂಬುದು ಈ ಪ್ರಯತ್ನದ ಗುರಿ. ಸೋರ್ಸು ಶುದ್ಧವಿದ್ದು ಬಿಲ್ಡ್ ಯಂತ್ರ ಕೆಟ್ಟಿದ್ದರೆ ಅದನ್ನು ಇದು ಹಿಡಿದುಕೊಡುತ್ತದೆ. ಸೋರ್ಸೇ ಕೆಟ್ಟಿದ್ದರೆ ಎಲ್ಲ ಯಂತ್ರಗಳೂ ಒಮ್ಮತದಿಂದ ಅದೇ ವಿಷವನ್ನು ಕಟ್ಟಿಕೊಡುತ್ತವೆ. ಎರಡೂ ಬೇಕು, ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಆದರೂ ಈ ಪ್ರಯತ್ನದ ಚರಿತ್ರೆ ಸಾಧನಗಳ ಪಾಲನೆಗೆ ಒಳ್ಳೆಯ ಪಾಠ. 2013ರಲ್ಲಿ ಡೆಬಿಯನ್‌ನಲ್ಲಿ ಕೆಲವರು ಇದನ್ನು ಕೈಗೆತ್ತಿಕೊಂಡಾಗ ಒಂದೇ ಪ್ಯಾಕೇಜನ್ನು ಬೆನ್ನುಬೆನ್ನಿಗೆ ಎರಡು ಸಲ ಕಟ್ಟಿದರೂ ಫಲಿತಾಂಶ ಬೇರೆಯಾಗುತ್ತಿದ್ದುದೇ ಹೆಚ್ಚು. ಕಾರಣಗಳು ಎಷ್ಟು ಸಣ್ಣವೆಂದರೆ, ಮ್ಯಾನ್ ಪುಟವೊಂದನ್ನು (ಬಳಕೆಯ ಕೈಪಿಡಿಯನ್ನು) ‘ಜಿಝಿಪ್’ನಿಂದ ಒತ್ತಿದಾಗ ಆ ಕಡತದ ತಲೆಯಲ್ಲಿ ಐದನೆಯ ಬೈಟಿನಿಂದ ಎಂಟನೆಯದರವರೆಗೆ ಮೂಲ ಕಡತದ ಸಮಯ ದಾಖಲಾಗುತ್ತದೆ. ಆ ನಾಲ್ಕು ಬೈಟು ಬೇರೆಯಾದರೆ ಕಡತದ ಹ್ಯಾಶ್ (ಒಳಗಿನ ಬೈಟುಗಳಿಂದ ಲೆಕ್ಕಹಾಕಿದ ಗುರುತು) ಬೇರೆ, ಪ್ಯಾಕೇಜಿನ ಹ್ಯಾಶ್ ಬೇರೆ. ಜಿಝಿಪ್‌ಗೆ ‘ಎನ್’ ಎಂಬ ಆಯ್ಕೆ ಕೊಟ್ಟರೆ ಸಮಯ ದಾಖಲಾಗುವುದಿಲ್ಲ; ಆ ಒಂದು ಅಕ್ಷರವನ್ನು ಡೆಬ್‌ಹೆಲ್ಪರ್‌ನೊಳಗೆ ಇಟ್ಟರೆ ಸಾವಿರಾರು ಪ್ಯಾಕೇಜುಗಳ ಸಮಸ್ಯೆ ಅವುಗಳ ಮೇಂಟೇನರ್‌ಗಳಿಗೆ ತಿಳಿಯುವ ಮೊದಲೇ ತೀರುತ್ತದೆ. ಇವತ್ತಿನ ದಿನಾಂಕವನ್ನು ತಮ್ಮೊಳಗೆ ಅಚ್ಚು ಹಾಕಿಕೊಳ್ಳುವ ಪ್ರೋಗ್ರಾಮುಗಳಿಗಾಗಿ 2015ರಲ್ಲಿ ‘ಸೋರ್ಸ್ ಡೇಟ್ ಇಪಾಕ್’ ಎಂಬ ಪರಿಸರ ವೇರಿಯಬಲ್‌ನ ಒಪ್ಪಂದ ರೂಪುಗೊಂಡಿತು. ‘ಈಗ ಗಂಟೆ ಎಷ್ಟು’ ಎಂದು ಯಂತ್ರವನ್ನು ಕೇಳುವ ಬದಲು ಅದನ್ನು ಕೇಳಿ ಎಂಬುದಷ್ಟೇ ಒಪ್ಪಂದ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಎಲ್ಲಕ್ಕಿಂತ ಮೇಲಿರುವ, ಇತ್ತೀಚಿನ ನಮೂದಿನ ದಿನಾಂಕವನ್ನು ಡಿಪಿಕೆಜಿ ಅದರಲ್ಲಿ ತುಂಬಿಕೊಡುತ್ತದೆ. ಈಗ ಕಂಪೈಲರ್‌ಗಳಿಂದ ಹಿಡಿದು ದಾಖಲೆ ತಯಾರಿಸುವ ಸಾಧನಗಳವರೆಗೆ ಅನೇಕವು ಇದನ್ನು ಗೌರವಿಸುತ್ತವೆ. ಇನ್ನು ಎರಡು ಪ್ಯಾಕೇಜುಗಳ ನಡುವಿನ ವ್ಯತ್ಯಾಸ ಎಲ್ಲಿದೆ ಎಂದು ಪದರ ಪದರವಾಗಿ ಬಿಚ್ಚಿ ತೋರಿಸುವ ‘ಡಿಫೋಸ್ಕೋಪ್’ ಹುಟ್ಟಿದ್ದೂ ಈ ಗುಂಪಿನಿಂದಲೇ. ಅದು ಈಗ ಮರುಸೃಷ್ಟಿಯ ಕೆಲಸಕ್ಕಿಂತಲೂ ಹೆಚ್ಚಾಗಿ, ಬಿಲ್ಡ್ ಸಾಧನವನ್ನು ತಿದ್ದಿದ ಮೇಲೆ ಏನೇನು ಬದಲಾಯಿತು ಎಂದು ನೋಡಲು ನನ್ನಂಥವರಿಗೆ ಬೇಕಾಗುತ್ತದೆ.

ಬಿಲ್ಡ್ ನಡೆಯುವ ಪರಿಸರದ ಬಗ್ಗೆಯೂ ಒಂದು ಮಾತು. ನಾನೊಮ್ಮೆ ಸಣ್ಣ ಪ್ಯಾಕೇಜೊಂದನ್ನು ನನ್ನ ಯಂತ್ರದಲ್ಲಿ ಹತ್ತಾರು ಸಲ ಕಟ್ಟಿ, ಎಲ್ಲ ಸರಿಯಿದೆ ಎಂದು ಕಳಿಸಿದ್ದೆ. ಬಿಲ್ಡ್ ಯಂತ್ರದಲ್ಲಿ ಅದು ಮೊದಲ ನಿಮಿಷದಲ್ಲೇ ಬಿತ್ತು. ಬೇಕಾದ ಒಂದು ಲೈಬ್ರರಿಯ ಹೆಸರನ್ನು ಅವಲಂಬನೆಗಳ ಪಟ್ಟಿಯಲ್ಲಿ ನಾನು ಬರೆದಿರಲಿಲ್ಲ; ನನ್ನ ಯಂತ್ರದಲ್ಲಿ ಅದು ಎಂದೋ ಯಾವುದೋ ಕಾರಣಕ್ಕೆ ಬಂದು ಕುಳಿತಿತ್ತು. ಡೆಬಿಯನ್‌ನಲ್ಲಿ ‘ಎಸ್‌ಬಿಲ್ಡ್’, ಫೆಡೋರಾದಲ್ಲಿ ‘ಮಾಕ್’, ಆರ್ಚ್‌ನಲ್ಲಿ ‘ಡೆವ್‌ಟೂಲ್ಸ್’ ಪ್ರತಿ ಸಲವೂ ಬರಿದಾದ ಪರಿಸರವೊಂದನ್ನು ಎಬ್ಬಿಸಿ, ಪಟ್ಟಿಯಲ್ಲಿ ಇರುವುದನ್ನು ಮಾತ್ರ ಅದರಲ್ಲಿ ಹಾಕಿ, ಅಲ್ಲೇ ಬಿಲ್ಡ್ ಮಾಡುವುದು ಈ ಬಗೆಯ ಮರೆವನ್ನು ಬಯಲಿಗೆಳೆಯಲಿಕ್ಕಾಗಿಯೇ. 2019ರ ಜುಲೈನಲ್ಲಿ ಡೆಬಿಯನ್, ಮೇಂಟೇನರ್ ತನ್ನ ಯಂತ್ರದಲ್ಲಿ ಕಟ್ಟಿ ಕಳಿಸಿದ ಬೈನರಿಗಳು (ಕಂಪೈಲ್ ಆದ ಪ್ಯಾಕೇಜುಗಳು) ಮುಂದಿನ ಬಿಡುಗಡೆಗೆ ಸೇರುವುದಿಲ್ಲ, ಅಧಿಕೃತ ಯಂತ್ರಗಳಲ್ಲಿ ಕಟ್ಟಿದವು ಮಾತ್ರ ಸೇರುತ್ತವೆ ಎಂದು ಪ್ರಕಟಿಸಿತು.

ಬರಿದಾದ ಆ ಪರಿಸರದಲ್ಲಿ ಇಂಟರ್‌ನೆಟ್ ಇರಬಾರದು ಎಂಬ ಹಳೆಯ ನಿಯಮ ಇತ್ತೀಚಿನ ಭಾಷೆಗಳೊಂದಿಗೆ ತಿಕ್ಕಾಡುತ್ತದೆ. ರಸ್ಟ್, ಗೋ, ಜಾವಾಸ್ಕ್ರಿಪ್ಟ್‌ಗಳ ಸಾಧನಗಳು ತಮಗೆ ಬೇಕಾದ ಅವಲಂಬನೆಗಳನ್ನು ಬಿಲ್ಡ್ ಹೊತ್ತಿನಲ್ಲಿ ತಾವೇ ಇಳಿಸಿಕೊಳ್ಳುವ ಅಭ್ಯಾಸದವು. ಡಿಸ್ಟ್ರೊ ಪ್ರತಿ ಅವಲಂಬನೆಯನ್ನೂ ಪ್ರತ್ಯೇಕ ಪ್ಯಾಕೇಜಾಗಿ ಕಟ್ಟಬಹುದು. ಆಗ ಒಂದು ಸಣ್ಣ ರಸ್ಟ್ ಉಪಕರಣಕ್ಕಾಗಿ ನೂರಾರು ಪ್ಯಾಕೇಜು ಹುಟ್ಟುತ್ತವೆ. ಇಲ್ಲವೇ ಎಲ್ಲ ಅವಲಂಬನೆಗಳನ್ನೂ ಸೋರ್ಸಿನೊಳಗೇ ತುಂಬಿಡಬಹುದು. ಆಗ ಒಂದು ಲೈಬ್ರರಿಯಲ್ಲಿ ಭದ್ರತಾ ದೋಷ ಕಂಡಾಗ ಅದು ಎಷ್ಟು ಪ್ಯಾಕೇಜುಗಳ ಹೊಟ್ಟೆಯಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಸಾಧನಗಳು ಈ ಸಂಕಟವನ್ನು ಸ್ವಲ್ಪ ಹಗುರ ಮಾಡಬಲ್ಲವು. 2019ರ ಆರ್‌ಪಿಎಂ 4.15ರಲ್ಲಿ ಬಂದ ಸೌಲಭ್ಯದಿಂದ, ಬಿಲ್ಡ್‌ಗೆ ಬೇಕಾದ ಅವಲಂಬನೆಗಳನ್ನು ಮೇಂಟೇನರ್ ಕೈಯಿಂದ ಬರೆಯದೆ ಮೂಲ ಯೋಜನೆಯ ಸ್ವಂತ ವಿವರಣೆಯಿಂದಲೇ ಬಿಲ್ಡ್ ವೇಳೆ ಓದಿಕೊಳ್ಳಬಹುದು. ಪೈಥಾನ್ 3.12ರಲ್ಲಿ ಆ ಭಾಷೆಯ ತಂತ್ರಾಂಶಗಳನ್ನು ಕಟ್ಟುವ ಹಳೆಯ ಸಾಧನ ‘ಡಿಸ್ಟ್‌ಯುಟಿಲ್ಸ್’ ಅನ್ನೇ ಕಿತ್ತುಹಾಕಿದಾಗ ಇಂಥ ಮಧ್ಯದ ಪದರ ಇದ್ದ ಡಿಸ್ಟ್ರೊಗಳಿಗೆ ಕಷ್ಟ ಕಡಿಮೆಯಾಯಿತು. ಆದರೆ ಯಾವುದನ್ನು ಪ್ಯಾಕೇಜು ಮಾಡಬೇಕು, ಯಾವುದನ್ನು ತುಂಬಿಡಬೇಕು ಎಂಬುದು ನೀತಿಯ ಪ್ರಶ್ನೆ. ಅದನ್ನು ಮ್ಯಾಕ್ರೋ ಬಗೆಹರಿಸುವುದಿಲ್ಲ.

ಕಂಪ್ರೆಷನ್ ವಿಚಾರ ಇದಕ್ಕಿಂತ ಸುಲಭದ್ದು, ಆದರೆ ಅದರಲ್ಲಿ ಕ್ರಮದ ಪಾಠವೊಂದಿದೆ. 2020ರ ಜನವರಿಯಲ್ಲಿ ಆರ್ಚ್ ತನ್ನ ಪ್ಯಾಕೇಜುಗಳನ್ನು ಎಕ್ಸ್‌ಝಡ್‌ನಿಂದ ಝಡ್‌ಸ್ಟ್ಯಾಂಡರ್ಡ್‌ಗೆ ಬದಲಿಸಿದ್ದನ್ನು ಪ್ರಕಟಿಸಿದಾಗ, ಒಟ್ಟು ಗಾತ್ರ ಸುಮಾರು ಶೇಕಡಾ 0.8 ಹೆಚ್ಚಿ, ಬಿಚ್ಚುವ ವೇಗ ಸುಮಾರು ಶೇಕಡಾ 1300ರಷ್ಟು ಹೆಚ್ಚಿತು ಎಂದು ತಿಳಿಸಿತ್ತು. ಅದನ್ನು ಓದಬಲ್ಲ ಲೈಬ್ರರಿ ಬಹಳ ಮೊದಲೇ ಬಳಕೆದಾರರ ಯಂತ್ರಗಳಿಗೆ ಹೋಗಿತ್ತು. ಉಬುಂಟು 21.10ರಲ್ಲಿ ಅದೇ ಬದಲಾವಣೆ ಮಾಡಿದಾಗ ಡೆಬಿಯನ್‌ನ ಡಿಪಿಕೆಜಿಗೆ ಅಂಥ ಪ್ಯಾಕೇಜನ್ನು ಬಿಚ್ಚಲು ಬರುತ್ತಿರಲಿಲ್ಲ. ಆ ಬೆಂಬಲ ಡೆಬಿಯನ್‌ನ ಸ್ಥಿರ ಬಿಡುಗಡೆಗೆ ಬಂದದ್ದು 2023ರಲ್ಲಿ. ಹೆಸರಿನ ಕೊನೆ ಒಂದೇ ಆಗಿರುವ ಕಡತ ಒಂದು ಮನೆಯಲ್ಲಿ ತೆರೆದು ಪಕ್ಕದ ಮನೆಯಲ್ಲಿ ತೆರೆಯದ ಸ್ಥಿತಿ ಅಷ್ಟು ಕಾಲ ಇತ್ತು.

ಸಾಧನದ ಒಂದು ಸಾಲು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2024ರ ಆರಂಭದ ಇನ್ನೊಂದು ಕೆಲಸವನ್ನು ಹೇಳಬೇಕು. 32 ಬಿಟ್ ಯಂತ್ರಗಳಲ್ಲಿ ಸಮಯವನ್ನು 32 ಬಿಟ್‌ನಲ್ಲಿ ಎಣಿಸುವುದರಿಂದ ಆ ಎಣಿಕೆ 2038ರ ಜನವರಿ 19ರಂದು ತುಂಬಿ ತಿರುಗಿಬೀಳುತ್ತದೆ. ಇದನ್ನು 64 ಬಿಟ್‌ಗೆ ಏರಿಸಲು ಡಿಪಿಕೆಜಿಯ ಕಂಪೈಲ್ ಆಯ್ಕೆಗಳ ಪಟ್ಟಿಗೆ ಸೇರಿಸಬೇಕಾದದ್ದು ಹೆಚ್ಚೇನಲ್ಲ. ಆದರೆ ಸಮಯದ ಅಳತೆ ಬದಲಾದರೆ, ಆ ಅಳತೆಯನ್ನು ತನ್ನ ಇಂಟರ್‌ಫೇಸಿನಲ್ಲಿ ತೋರಿಸುವ ಪ್ರತಿ ಲೈಬ್ರರಿಯೂ ಹಳೆಯ ಪ್ರೋಗ್ರಾಮುಗಳಿಗೆ ಅಪರಿಚಿತವಾಗುತ್ತದೆ. ಆದ್ದರಿಂದ ಅಂಥ ನೂರಾರು ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ ‘ಟಿ64’ ಎಂಬ ಬಾಲ ಸೇರಿಸಿ, ಅವುಗಳನ್ನು ನೆಚ್ಚಿದವನ್ನೆಲ್ಲ ಸರಿಯಾದ ಕ್ರಮದಲ್ಲಿ ಮತ್ತೆ ಕಟ್ಟಬೇಕಾಯಿತು. ಎಷ್ಟೋ ಪ್ಯಾಕೇಜುಗಳು ತಮ್ಮನ್ನೇ ಕಟ್ಟಲು ತಮ್ಮ ಮೇಲೆಯೇ ಅವಲಂಬಿಸಿದ್ದವು. ಅವುಗಳಿಗೆ ಟೆಸ್ಟುಗಳನ್ನು ಬಿಟ್ಟು, ದಾಖಲೆಗಳನ್ನು ಬಿಟ್ಟು ಮೊದಲ ಸುತ್ತಿನ ಅರೆ ಬಿಲ್ಡ್ ಮಾಡಿಕೊಳ್ಳಬೇಕಾಯಿತು. ಎಕ್ಸ್‌ಝಡ್ ಸುದ್ದಿ ಬಂದದ್ದೂ ಈ ಗದ್ದಲದ ನಡುವೆಯೇ. ಇವತ್ತು ಡೆಬಿಯನ್ 13 ಇರುವ ಯಾವುದೇ 64 ಬಿಟ್ ಲ್ಯಾಪ್‌ಟಾಪಿನಲ್ಲಿ ಪ್ಯಾಕೇಜುಗಳ ಪಟ್ಟಿ ತೆಗೆದರೆ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹೆಸರಿನ ಕೊನೆಗೂ ಆ ಬಾಲ ಕಾಣುತ್ತದೆ, ಆ ಯಂತ್ರಕ್ಕೆ 2038ರ ತೊಂದರೆ ಇಲ್ಲದಿದ್ದರೂ.

ಇಷ್ಟನ್ನು ಹೊರುವ ಸಾಧನಗಳನ್ನು ನೋಡಿಕೊಳ್ಳುವವರು ಎಷ್ಟು ಜನ ಎಂದು ಕಮಿಟ್ ಇತಿಹಾಸವನ್ನು (ಕೋಡಿನ ಬದಲಾವಣೆಗಳ ದಾಖಲೆಯನ್ನು) ತೆರೆದು ನೋಡಿದರೆ, ಎಷ್ಟೋ ಕಡೆ ಒಂದು ಕೈಯ ಬೆರಳುಗಳು ಸಾಕು. ಹಳೆಯ ಕೋಡು ಕಂಡಾಗ ಹೊಸ ಭಾಷೆಯಲ್ಲಿ ಮೊದಲಿನಿಂದ ಬರೆಯೋಣ ಎಂಬ ಉತ್ಸಾಹ ಹೊಸಬರಿಗೆ ಸಹಜ. ಕೆಲವು ಕಡೆ ಅದು ಸರಿಯೂ ಹೌದು. ಆರ್‌ಪಿಎಂ ತನ್ನನ್ನೇ ಕಟ್ಟಿಕೊಳ್ಳುವ ವ್ಯವಸ್ಥೆಯನ್ನು 2023ರ 4.19ರಲ್ಲಿ ಆಟೋಟೂಲ್ಸ್‌ನಿಂದ ಸಿಮೇಕ್‌ಗೆ ಬದಲಿಸಿಕೊಂಡಿತು. ಮುಂದಿನ ವರ್ಷದ 4.20ರಲ್ಲಿ, ಬಿಲ್ಡ್ ವ್ಯವಸ್ಥೆಯ ಹೆಸರನ್ನಷ್ಟೇ ಹೇಳಿದರೆ ಉಳಿದ ಹಂತಗಳನ್ನು ತಾನೇ ತುಂಬಿಕೊಳ್ಳುವ ಸ್ಪೆಕ್ ಶೈಲಿ ಬಂತು, ಡಿಎಚ್‌ನ ಮೂರು ಸಾಲಿಗೆ ಅದು ದೂರದ ನೆಂಟ. ಆದರೆ ಹಳೆಯ ಸಾಧನದೊಳಗಿನ ವಿಚಿತ್ರವಾಗಿ ಕಾಣುವ ಪ್ರತಿ ‘ಇಫ್’ ಸಾಲಿನ ಹಿಂದೆ ಎಂದೋ ಮುರಿದ ಪ್ಯಾಕೇಜೊಂದರ ಕಥೆ ಇರುವ ಸಾಧ್ಯತೆಯೇ ಹೆಚ್ಚು. ಬರೆಯುವುದಕ್ಕಿಂತ ಮೊದಲು ಅದನ್ನು ಓದಿಸಿಕೊಡುವ ಜನ, ಇಡೀ ಭಂಡಾರವನ್ನು ಪ್ರಯೋಗಕ್ಕಾಗಿ ಮತ್ತೆ ಕಟ್ಟಿ ನೋಡುವಷ್ಟು ಯಂತ್ರಬಲ, ಬಿದ್ದವುಗಳ ಮೇಲೆ ಬಗ್ ದಾಖಲಿಸಿ ಉತ್ತರಕ್ಕೆ ಕಾಯುವ ವ್ಯವಧಾನ, ಈ ಮೂರಕ್ಕೆ ಬೆಂಬಲ ಸಿಕ್ಕರೆ ಹೊಸ ಸಾಧನಗಳಿಗಿಂತ ಹೆಚ್ಚು ಪ್ರಯೋಜನವಿದೆ.

ಕೊನೆಗೆ ಉಳಿಯುವುದು ಹಳೆಯ ಮಟ್ಟಗಳನ್ನು ತೆಗೆದುಹಾಕುವ ಕೆಲಸ. ಡೆಬ್‌ಹೆಲ್ಪರ್ ಮೊದಲು ಎಚ್ಚರಿಕೆ ತೋರಿಸುತ್ತದೆ, ಆಮೇಲೆ ಬಗ್‌ಗಳು ದಾಖಲಾಗುತ್ತವೆ, ವರ್ಷಗಳ ಮೇಲೆ ಆ ಮಟ್ಟ ಕಣ್ಮರೆಯಾಗುತ್ತದೆ. ಪಟ್ಟಿಯ ತುದಿಯಲ್ಲಿ ಉಳಿಯುವ ಕೆಲವು ಪ್ಯಾಕೇಜುಗಳಿಗೆ ಮೇಂಟೇನರ್ ಇರುವುದಿಲ್ಲ, ಬಳಸುವವರು ಮಾತ್ರ ಇರುತ್ತಾರೆ. ಅಂಥದೊಂದನ್ನು ಕೈಗೆತ್ತಿಕೊಂಡವರು ನೂರಿಪ್ಪತ್ತು ಸಾಲಿನ, ಕೈಯಿಂದ ಬರೆದ ರೂಲ್ಸ್ ಕಡತವನ್ನು ಓದುತ್ತಾ ಹೋಗಿ, ನಡುವೆ ಎಲ್ಲೋ ಒಂದು ಕಡತದ ಅನುಮತಿಯನ್ನು ಮಾತ್ರ ಬೇರೆಯಾಗಿ ಬದಲಿಸುವ ಸಾಲಿನ ಮುಂದೆ ನಿಲ್ಲುತ್ತಾರೆ. ಅದು ಏಕೆ ಬೇಕಿತ್ತು ಎಂದು ಚೇಂಜ್‌ಲಾಗ್ ಹೇಳುವುದಿಲ್ಲ. ಸಾಲನ್ನು ತೆಗೆದು, ಬರಿದಾದ ಪರಿಸರದಲ್ಲಿ ಕಟ್ಟಿ, ಹಳೆಯದನ್ನೂ ಹೊಸದನ್ನೂ ಡಿಫೋಸ್ಕೋಪ್‌ನಲ್ಲಿ ಪಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಕೆಲವೊಮ್ಮೆ ತಿಳಿಯುತ್ತದೆ. ತಿಳಿಯದಿದ್ದರೆ ಆ ಸಾಲನ್ನು ಹಾಗೆಯೇ ಉಳಿಸಿ, ಅದರ ಮೇಲೆ ಒಂದು ಟಿಪ್ಪಣಿ ಬರೆದು, ಉಳಿದ ನೂರಹತ್ತೊಂಬತ್ತನ್ನು ಡಿಎಚ್‌ಗೆ ಒಪ್ಪಿಸುತ್ತಾರೆ.